ಎಡಗಾಲಿನ ಬದಲು ಬಂದ ಕಂಬಗಳು

ತಿಕೋಟಾ
ಗುರುವಾರ, ೨೪ ಏಪ್ರಿಲ್ ೨೦೨೫

ಶ್ರೀಮಾನ್ ಅಶ್ಫಾಕ ಸಾಹೇಬರ ಎಡಗಾಲಿಗೆ, ತಿಕೋಟಾದ ಸಂಗು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಆ ಎಡಗಾಲಿಗೆ ಅಂಟಿಕೊಂಡಿರುವ ಉಳಿದ ಮನುಷ್ಯನಿಗೆ ನಮಸ್ಕಾರ ಇಲ್ಲ.

ಪತ್ರ ಕಂಡು ಹೌಹಾರಬೇಡ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀ. ನಮ್ಮವ್ವನ ಫೋನಿನಿಂದ ಮಾಡಿದರೂ ನನ್ನ ದನಿ ಕೇಳಿದ ಕೂಡಲೇ ಇಡುತ್ತೀ. ಅಂಚೆಯವನನ್ನು ಬ್ಲಾಕ್ ಮಾಡುವ ಗುಂಡಿಯನ್ನು ಮಾತ್ರ ಇನ್ನೂ ಯಾರೂ ಕಂಡುಹಿಡಿದಿಲ್ಲ. ಅಲ್ಲದೆ ಇದು ಗೆಳೆಯನ ಪತ್ರವೂ ಅಲ್ಲ. ತಿಕೋಟಾದ ಅಂಗೂರ ಬಾಯ್ಸ್ ಫುಟ್‌ಬಾಲ್ ಸಂಘದ ಗೌರವ ಕಾರ್ಯದರ್ಶಿಯಾಗಿ, ಮಾರಾಟವಾದ ಆಟಗಾರನಿಗೆ ಮಾರಾಟದ ವರದಿ ಒಪ್ಪಿಸುವುದು ನನ್ನ ಕರ್ತವ್ಯ. ಮಾರಿದ ಎತ್ತಿಗೆ ಯಾರೂ ಸಂತೆಯ ಸುದ್ದಿ ಹೇಳುವುದಿಲ್ಲ. ನಿನಗೆ ಅಷ್ಟಾದರೂ ಮರ್ಯಾದೆ ಇರಲಿ ಅಂತ.

ಸಭೆ ಸೇರಿದ್ದು ಹೋದ ಭಾನುವಾರ, ನಮ್ಮ ಅಧ್ಯಕ್ಷ ಬಸಲಿಂಗಯ್ಯನವರ ಮನೂಕದ ಶೆಡ್ಡಿನಲ್ಲಿ. ಅವರಿಗೆ ಫುಟ್‌ಬಾಲು ತಿಳಿಯದು. ಶೆಡ್ಡಿದೆ, ಆದ್ದರಿಂದ ಅಧ್ಯಕ್ಷರು. ತಲೆಯ ಮೇಲೆ ಬಲೆಗಳ ಮಹಡಿ, ಮಹಡಿಯ ಮೇಲೆ ಒಣಗಿ ಮನೂಕವಾಗುತ್ತಿರುವ ದ್ರಾಕ್ಷಿ, ಕೆಳಗೆ ಕ್ರೇಟು ಬೋರಲು ಹಾಕಿ ಕೂತ ನಾವು. ವಿಷಯ ಒಂದೇ: ವಿಜಯಪುರದ ಜಲನಗರದ ಕ್ಲಬ್ಬಿನವರು ಅಶ್ಫಾಕನನ್ನು ಕೇಳುತ್ತಿದ್ದಾರೆ, ಕೊಡಬೇಕೋ ಬೇಡವೋ. ಕನ್ಯೆ ಕೇಳಲು ಬಂದವರ ಹಾಗೆ ಅವರೂ ಏನು ಕೊಡುತ್ತೇವೆಂದು ಮೊದಲೇ ಹೇಳಿ ಕಳಿಸಿದ್ದರು. ಎರಡು ಜೊತೆ ಕಬ್ಬಿಣದ ಗೋಲುಕಂಬ, ನೈಲಾನ್ ಬಲೆ ಸಮೇತ.

ನಮ್ಮ ಹಳೆಯ ಗೋಲು ನಿನಗೆ ನೆನಪಿರಬೇಕು. ಕಿತ್ತುಹಾಕಿದ ದ್ರಾಕ್ಷಿ ತೋಟದ ಎರಡು ಕಲ್ಲುಕಂಬ, ಮೇಲೆ ಅಡ್ಡಪಟ್ಟಿಯ ಬದಲು ಒಂದು ಹಗ್ಗ. ಚೆಂಡು ಹಗ್ಗದ ಮೇಲೆ ಹೋಯಿತೋ ಕೆಳಗೆ ಹೋಯಿತೋ ಎಂಬ ಘನವಾದ ಪ್ರಶ್ನೆಗಾಗಿ ಬಬಲೇಶ್ವರದವರ ಅಂಗಿಯನ್ನು ನಾವೂ ನಮ್ಮ ಅಂಗಿಯನ್ನು ಅವರೂ ಎಷ್ಟು ಸಲ ಹರಿದಿಲ್ಲ. ಈ ವರ್ಷ ಪಂದ್ಯಾವಳಿ ನಡೆಸುವವರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಾರೆ, ಕಬ್ಬಿಣದ ಕಂಬ ಇಲ್ಲದ ಮೈದಾನಕ್ಕೆ ಪಂದ್ಯ ಇಲ್ಲ ಅಂತ. ನೀನು ಉಳಿದರೆ ನಾವು ವರ್ಷಪೂರ್ತಿ ಪರವೂರಿನಲ್ಲಿ ಆಡಬೇಕು. ಹೋದರೆ ಊರಲ್ಲಿ ಆಡಬಹುದು, ಗೋಲು ಹೊಡೆಯುವವನಿಲ್ಲದೆ.

ಡಿಫೆನ್ಸಿನ ನಮ್ಮ ಅಮೋಘಿ ಎದ್ದು ನಿಂತ. ಅವನು ಬಾಯಿ ತೆರೆಯುವುದು ಆಕಳಿಸಲು ಮಾತ್ರ ಎಂದು ನಾವೆಲ್ಲ ನಂಬಿದ್ದೆವು.

"ಗೋಲ ಹೊಡಿಯಾಂವನ್ನ ಕೊಟ್ಟು ಗೋಲಿನ ಕಂಬ ತರೂದಂದ್ರ, ಎತ್ತ ಮಾರಿ ಬಾರಕೋಲ ತಂದಂಗ ಆತಲೇ" ಅಂದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಕಾರ್ಯದರ್ಶಿಗಳ ಭಾಷಣ. ಆಹಾ, ನೀನು ಕೇಳಬೇಕಿತ್ತು. ಅಶ್ಫಾಕನ ಎಡಗಾಲು ತಿಕೋಟಾದ ಸ್ಥಿರಾಸ್ತಿ, ಗೋಳಗುಮ್ಮಟವನ್ನು ಯಾರಾದರೂ ಮಾರುತ್ತಾರೆಯೇ ಎಂದು ನಾನು ಕೇಳಿದಾಗ ಬಸಲಿಂಗಯ್ಯನವರು ಟವೆಲಿನಿಂದ ಕಣ್ಣು ಒರೆಸಿಕೊಂಡರು. ಅದು ದ್ರಾಕ್ಷಿಗೆ ಹಾಕಿದ ಗಂಧಕದ ಹೊಗೆಗೂ ಇರಬಹುದು.

ಇಷ್ಟಾದ ಮೇಲೆ ಯಾರೋ, ಹುಡುಗನ ತಲೆ ಕೆಡಿಸಿದವರು ಜಲನಗರದವರೇ, ಅವರ ಮಾತು ಕೇಳಿಯೇ ಅವನು ಅಭ್ಯಾಸಕ್ಕೆ ಬರುವುದು ಬಿಟ್ಟ ಎಂದರು. ಆಗ ಮಲಂಗಸಾಬರು ತಲೆ ಎತ್ತಿದರು. ನಿನಗೆ ಬರಿಗಾಲಲ್ಲಿ ಚೆಂಡು ಒದೆಯುವುದನ್ನು ಕಲಿಸಿದವರು. ಮೂಲೆಯಲ್ಲಿ ಕೂತು ಬೆರಳಿನ ವೆಲ್ಡಿಂಗ್ ಮಸಿ ಕೆರೆದುಕೊಳ್ಳುತ್ತಿದ್ದರು.

"ಜಲನಗರದವ್ರು ಕರದದ್ದು ಆಮ್ಯಾಲ. ಮದಲ ಅವನ್ನ ಊರ ಬಿಡಿಸಿದವ್ರು ಬ್ಯಾರೆ ಅದಾರ" ಅಂದು ನನ್ನ ಕಡೆ ನೋಡಿದರು. ಬಹಳ ಹೊತ್ತು ನೋಡಲಿಲ್ಲ. "ಮನಸ ಊರ ಬಿಟ್ಟ ಮ್ಯಾಲ ಕಾಲ ಕಟ್ಟಿ ಹಾಕಿ ಏನ ಮಾಡ್ತೀರಿ? ಹುಡುಗಗ ಹಾದಿ ಬಿಡ್ರಿ."

ಸಭೆಯಲ್ಲಿ ಯಾರೂ ಬ್ಯಾನರಿನ ಹೆಸರೆತ್ತಲಿಲ್ಲ. ನಾನೂ ಎತ್ತುವುದಿಲ್ಲ ಅಂದುಕೊಂಡೇ ಈ ಪತ್ರ ಶುರು ಮಾಡಿದ್ದೆ.

ಅದು ಒಳ್ಳೆಯ ಬ್ಯಾನರು ಕಣೋ. ಇವತ್ತಿಗೂ ಹೇಳುತ್ತೇನೆ. ಬಬಲೇಶ್ವರದ ಮೈದಾನದಲ್ಲಿ ಕೊನೆಯ ಪೆನಾಲ್ಟಿಯನ್ನು ನೀನು ಆಕಾಶಕ್ಕೆ ಅರ್ಪಿಸಿದ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಎದ್ದು ನಿಂತಿತ್ತು: ಭಾವಪೂರ್ಣ ಶ್ರದ್ಧಾಂಜಲಿ. ಅಶ್ಫಾಕನ ಎಡಗಾಲು. ಜನನ ತಿಕೋಟಾ, ಮರಣ ಬಬಲೇಶ್ವರ. ಶೋಕತಪ್ತರು, ಸಮಸ್ತ ಗೋಲುಕಂಬಗಳು. ಆ ಪಂದ್ಯದಲ್ಲಿ ನಾನು ಕಾಲ ಸಂದಿಯಿಂದ ಬಿಟ್ಟ ಮೂರು ಗೋಲಿಗೆ ಯಾರೂ ಬ್ಯಾನರು ಹಾಕದಂತೆ, ನಾನೇ ಮೊದಲು ಹಾಕಿಬಿಟ್ಟೆ. ಅಂಗಡಿಯವರು ನಕ್ಕರು, ಕಂಡಕ್ಟರು ನಕ್ಕ, ಬಬಲೇಶ್ವರದವರು ಬಂದು ಫೋಟೋ ತೆಗೆದುಕೊಂಡು ಹೋದರು. ಕಾಲಿನ ಫೋಟೋ ಮಾತ್ರ ಹಾಕಿದ್ದರೆ ಎಲ್ಲ ಸರಿಯಿತ್ತು. ಫ್ಲೆಕ್ಸಿನವನು ಮುಖ ಇಲ್ಲದಿದ್ದರೆ ಚಂದ ಕಾಣುವುದಿಲ್ಲ ಎಂದ. ನಾನು ನಿನ್ನ ಮುಖ ಕೊಟ್ಟೆ. ಹಾರವನ್ನೂ ಅವನೇ ಸೇರಿಸಿದ, ದೀಪವನ್ನೂ.

ನಿಮ್ಮ ಅಮ್ಮಿ ವಿಜಯಪುರದ ಬಸ್ಸಿನಿಂದ ಇಳಿದರು. ಅವರಿಗೆ ಕನ್ನಡ ಓದಲು ಬಾರದು. ಹಾರ ಹಾಕಿದ ಫೋಟೋ ಅಂದರೆ ಏನು ಅಂತ ಗೊತ್ತು. ಕೈಯಲ್ಲಿದ್ದ ಚೀಲ ಬಿತ್ತು, ಹಿಂದೆಯೇ ಅವರೂ. ನಮ್ಮವ್ವ ರೇಣುಕವ್ವ ಓಡಿ ಹೋಗಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಿನ್ನ ಮಗ ಅದಾನ, ಅದಾನ ಎಂದು ಒಂದೇ ಸಮನೆ ಹೇಳುತ್ತಿದ್ದಳು. ನೀನು ಮೈದಾನದಿಂದ ಓಡಿ ಬಂದು ಎದುರಿಗೆ ನಿಂತರೂ ಅಮ್ಮಿ ನಿನ್ನ ಮುಖ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಆಮೇಲೆ ನನ್ನನ್ನು ಕಂಡರು.

"ಸಂಗೂ, ನೀ ನಗಸ್ತಿ ಅಂತ ನಮ್ಮ ಮನಿ ಬಾಗಲಾ ನಿನಗ ಎಂದೂ ಹಾಕಿರಲಿಲ್ಲ" ಅಂದರು. ಬೈಗುಳವಲ್ಲ ಅದು. ಬೈದಿದ್ದರೆ ನಾನು ಅದನ್ನೂ ಊರಿಗೆಲ್ಲ ನಟಿಸಿ ತೋರಿಸುತ್ತಿದ್ದೆ.

ಮರುದಿನ ನೀನು ಅಮ್ಮಿಯನ್ನು ಕರೆದುಕೊಂಡು ಜಲನಗರದ ನಿನ್ನ ಅಕ್ಕ ನಸ್ರೀನಳ ಮನೆಗೆ ಹೋದೆ. ಅಲ್ಲಿಯ ಕ್ಲಬ್ಬಿನವರು ನಿನ್ನನ್ನು ಕಂಡದ್ದು ಆಮೇಲೆ. ಊರು ಮಾತ್ರ ಕಥೆಯನ್ನು ತಿರುಗಿಸಿ ಹೇಳುತ್ತದೆ, ದೊಡ್ಡ ಕ್ಲಬ್ಬು ಕಂಡು ಹುಡುಗ ಓಡಿದ ಅಂತ. ನಾನು ಅದನ್ನು ತಿದ್ದಲು ಹೋಗಿಲ್ಲ. ಕಾರ್ಯದರ್ಶಿಗೆ ಬೇರೆ ಕೆಲಸಗಳಿರುತ್ತವೆ.

ಇನ್ನು ಮತದಾನ. ಕೈ ಎತ್ತುವ ಪದ್ಧತಿಯನ್ನು ನಾವು ಬಿಟ್ಟದ್ದು ಯಾಕೆಂದು ನಿನಗೆ ಗೊತ್ತು, ಎತ್ತಿದ ಕೈ ಇಳಿಯುವಾಗ ಯಾರದಾದರೂ ಕೆನ್ನೆಯ ಮೇಲೆಯೇ ಇಳಿಯುತ್ತಿತ್ತು. ಅಂದಿನಿಂದ ಗಡಿಗೆ ಮತ್ತು ಮನೂಕ. ಹಸಿರು ಹಾಕಿದರೆ ಆಟಗಾರ ಇರಲಿ, ಕರಿ ಹಾಕಿದರೆ ಹೋಗಲಿ. ಸಮ ಬಿದ್ದರೆ ಇದ್ದಲ್ಲೇ ಇರಲಿ. ಬಸಲಿಂಗಯ್ಯನವರು ಶೆಡ್ಡಿನಿಂದಲೇ ಎರಡು ಹಿಡಿ ತಂದು ತಟ್ಟೆಗೆ ಸುರಿದರು, ಇನ್ನೂ ತೊಟ್ಟಿನ ಕಡ್ಡಿ ಬಿಡಿಸದ ಮಾಲು. ಒಬ್ಬೊಬ್ಬರೂ ಎರಡೂ ಬಣ್ಣದ ಒಂದೊಂದನ್ನು ಮುಷ್ಟಿಯಲ್ಲಿ ಹಿಡಿದು, ಕತ್ತಲ ಗಡಿಗೆಯಲ್ಲಿ ಕೈ ಇಳಿಸಿ, ಒಂದನ್ನು ಬಿಟ್ಟು, ಇನ್ನೊಂದನ್ನು ಬಾಯಿಗೆ ಹಾಕಿಕೊಂಡು ಬಂದರು.

ಸಂಘದ ಸದಸ್ಯನಾಗಿ ನಿನಗೂ ಮತ ಇತ್ತಲ್ಲ. ಅದನ್ನು ತರಲು ಸಭೆಗೆ ಮುಂಚೆ ನಾನೇ ಜಲನಗರಕ್ಕೆ ಬಂದಿದ್ದೆ. ನೀನು ಹೊರಗೆ ಬರಲಿಲ್ಲ. ನಿನ್ನ ಬೂಟುಗಳನ್ನು ತೊಳೆದು ಹಗ್ಗಕ್ಕೆ ನೇತು ಹಾಕಿದ್ದರು. ಒಳಗೆ ಅಮ್ಮಿ ಕೆಮ್ಮಿದ್ದು ಕೇಳಿಸಿತು. ನಸ್ರೀನಕ್ಕ ಗೇಟು ತೆರೆಯದೆ ಮೇಲಿನಿಂದಲೇ ಕಾಗದದ ಪೊಟ್ಟಣ ಕೊಟ್ಟಳು. ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಯಿಂದ ಮನೂಕ ತರಿಸಿ ನೀನೇ ಒಂದನ್ನು ಆರಿಸಿ ಕಟ್ಟಿದ್ದೀ ಎಂದಳು. ತಿಕೋಟಾದವನು ವಿಜಯಪುರದ ಅಂಗಡಿಯಲ್ಲಿ ಮನೂಕ ಕೊಳ್ಳುವ ಕಾಲ ಬಂತಲ್ಲ ಎಂದು ನಾನು ನಗಲು ನೋಡಿದೆ.

"ಬಿಚ್ಚಿ ನೋಡಬ್ಯಾಡ ಅಂತ ಹೇಳ್ಯಾನ. ನೀ ನೋಡಾಂವನ ಅದಿ ಅಂತನೂ ಹೇಳ್ಯಾನ" ಅಂದಳು.

ನೋಡಲಿಲ್ಲ. ತಿಕೋಟಾದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಪೊಟ್ಟಣ ಕಿಸೆಯಲ್ಲಿತ್ತು, ಕೈಯೂ ಕಿಸೆಯಲ್ಲೇ ಇತ್ತು. ಆದರೂ ನೋಡಲಿಲ್ಲ. ಗಡಿಗೆಯ ಬಾಯಲ್ಲಿ ಬಿಚ್ಚಿ, ಕಣ್ಣು ಮುಚ್ಚಿ ಕೆಡವಿದೆ. ಹುಟ್ಟಿದಾಗಿನಿಂದ ನಾನು ಮುರಿಯದೆ ಉಳಿಸಿದ ನಿಯಮ ಇದೊಂದೇ.

ಎಣಿಕೆ ಕಾರ್ಯದರ್ಶಿಯದು. ಹನ್ನೆರಡು ಮತ. ಕರಿ ಏಳು, ಹಸಿರು ಐದು. ನಿನ್ನ ಪೊಟ್ಟಣದ್ದು ಆ ಏಳರಲ್ಲಿ ಒಂದು, ತನ್ನನ್ನು ತಾನೇ ಮಾರಿಕೊಂಡ ಎಂದು ಶೆಡ್ಡಿನ ಬಾಗಿಲಲ್ಲೇ ಮಾತಾಯಿತು. ಬಸಲಿಂಗಯ್ಯನವರು ನನ್ನ ಬೆನ್ನು ಸವರಿದರು. ನೀ ಹಸಿರು ಹಾಕಿದ್ದೀ, ನಮಗ ಗೊತ್ತೈತಿ, ಮನಸಿಗೆ ಹಚ್ಚಿಕೋಬ್ಯಾಡ ಎಂದರು. ನಾನು ತಲೆ ತಗ್ಗಿಸಿದೆ. ಅವ್ವ ಆ ರಾತ್ರಿ ಕೇಳದೆಯೇ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು.

ಕಂಬಗಳು ನಿನ್ನೆ ಬಂದವು. ಮಲಂಗಸಾಬರು ಸಿಮೆಂಟು ಹಾಕಿ ನೆಟ್ಟಿದ್ದಾರೆ, ಬಿಳಿ ಬಣ್ಣ ಇನ್ನೂ ಕೈಗೆ ಹತ್ತುತ್ತದೆ. ಸಣ್ಣ ಹುಡುಗರು ಆಗಲೇ ಹೆಸರಿಟ್ಟಿದ್ದಾರೆ, ಎಡಗಡೆಯದು ಅಶ್ಫಾಕನ ಎಡಗಾಲಂತೆ. ಎಲ್ಲರೂ ಹೋದ ಮೇಲೆ ನಾನೊಬ್ಬನೇ ನಿಂತು ಅದಕ್ಕೆ ಚೆಂಡು ಒದ್ದೆ. ನಮ್ಮ ಹಗ್ಗ ಬಡವ, ಎಷ್ಟು ಹೊಡೆದರೂ ಬಾಯಿ ಬಿಡುತ್ತಿರಲಿಲ್ಲ. ಈ ಕಬ್ಬಿಣ ಊರಿಗೆಲ್ಲ ಕೇಳುವಂತೆ ಬಡಿದುಕೊಳ್ಳುತ್ತದೆ.

ಭಾನುವಾರ ಮೊದಲ ಪಂದ್ಯ. ಎದುರಾಳಿ ಯಾರೆಂದು ನಿನಗೆ ಹೇಳಬೇಕಾಗಿಲ್ಲ. ನಿನ್ನ ಬೆಲೆಯ ಕಂಬಗಳ ನಡುವೆ ನಾನು ನಿಂತಿರುತ್ತೇನೆ. ನೀನು ಎದುರಿನಿಂದ ಬರುತ್ತೀ. ಇಂಥ ಚೇಷ್ಟೆಯನ್ನು ನಾನೂ ಯಾರಿಗೂ ಮಾಡಿರಲಿಲ್ಲ.

ಇಂತಿ,
ಸಂಘದ ದಾಖಲೆಯ ಪ್ರಕಾರ ನಿನ್ನ ಮಾಜಿ ಸಹ ಆಟಗಾರ,
ದಾಖಲೆಯಲ್ಲಿಲ್ಲದ್ದನ್ನು ಬರೆಯಲು ನಾಚುತ್ತಿರುವ
ಸಂಗು
ಗೌರವ ಕಾರ್ಯದರ್ಶಿ ಹಾಗೂ ಗೋಲ್‌ಕೀಪರ್

ತಾ.ಕ.: ಎಣಿಸಿದ ಮತಗಳನ್ನು ಎಣಿಸಿದವನೇ ತಿನ್ನುವುದು ಪದ್ಧತಿ, ಮರುಎಣಿಕೆಯ ಜಗಳ ಬೇಡ ಅಂತ. ಐದು ಹಸಿರಿನಲ್ಲಿ ಒಂದಕ್ಕೆ ಕಡ್ಡಿ ಇರಲಿಲ್ಲ. ಅಂಗಡಿಯದು, ಚೊಕ್ಕಟವಾಗಿ ಬಿಡಿಸಿದ್ದು. ಬೇರೆಯವರು ನೋಡುವ ಮೊದಲೇ ಅದನ್ನು ಬಾಯಿಗೆ ಹಾಕಿಕೊಂಡೆ. ಹಸಿರು ಕಟ್ಟಿದ್ದೇನೆ ಅಂತ ನೀನು ಬಾಯಿಬಿಟ್ಟು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನನ್ನದು ಕರಿ. ನಾನು ಹಸಿರು ಬಿಟ್ಟಿದ್ದರೆ ಆರಕ್ಕೆ ಆರು ಸಮ ಬೀಳುತ್ತಿತ್ತು, ನೀನು ಇಲ್ಲೇ ಇರುತ್ತಿದ್ದೆ. ನೀನು ಇಲ್ಲಿದ್ದರೆ ಅಮ್ಮಿಯೂ ಇಲ್ಲೇ ಇರುತ್ತಿದ್ದರು, ನಾನು ದಿನಾ ಅವರ ಬಾಗಿಲ ಮುಂದೆ ಹಾಯಬೇಕಾಗಿತ್ತು. ಭಾನುವಾರ ಬಾ. ಅಮ್ಮಿಯನ್ನು ಮಾತ್ರ ಕರೆತರಬೇಡ.