ಅಳತೆ ಪುಸ್ತಕ

ಫೆ. 3, ಸೋಮವಾರ

ಕರೆಂಟ್ ಇಲ್ಲ. ಹನ್ನೊಂದು ಬ್ಲೌಸ್‌ಗೆ ಹುಕ್ಸ್ ಬಾಕಿ. ಕೈಯಲ್ಲೇ ಹಾಕುತ್ತ ಕೂತಿದ್ದಾಗ ಮಾಗಡಿ ಕಾಲೇಜಿನ ಶೀಬಾ ಮಿಸ್ ಬಂದರು. ಹೆಂಗಸರ ಉಡುಪು ಹೇಗೆ ಬದಲಾಯಿತು ಅಂತ ಎಕ್ಸಿಬಿಷನ್ ಮಾಡುತ್ತಾರಂತೆ. ಅದಕ್ಕೆ ನನ್ನ ಅಳತೆ ಪುಸ್ತಕ ಬೇಕಂತೆ!

ಇಪ್ಪತ್ತಾರು ವರ್ಷದ ಪುಸ್ತಕ. ಪುಟಪುಟಕ್ಕೂ ಗಿರಾಕಿಗಳ ಅಳತೆ, ಪಕ್ಕದಲ್ಲಿ ಬಟ್ಟೆಯ ತುಂಡು ಪಿನ್ ಮಾಡಿದ್ದೇನೆ. "ಕುದೂರಿನ ಹೆಂಗಸರ ಚರಿತ್ರೆನೇ ಇದೆ ಇದರಲ್ಲಿ, ಸುಮನಾ" ಅಂದರು. ನನಗೆ ತಲೆಯ ಮೇಲೆ ಎರಡು ಕೋಡು.

ಫೆ. 9, ಭಾನುವಾರ

ಪುಟ ತಿರುವುತ್ತ ಕೂತೆ. ಮೊದಮೊದಲು ಎಲ್ಲರದ್ದೂ ಮೊಣಕೈವರೆಗೆ ತೋಳು, ಮುಚ್ಚಿದ ಕತ್ತು. ಸೊಸೆಯಂದಿರ ಕತ್ತು ಎಷ್ಟು ಇಳಿಯಬೇಕು ಅಂತ ಹೇಳುತ್ತಿದ್ದದ್ದು ಅತ್ತೆಯಂದಿರು. ಆಮೇಲೆ ಗಾರ್ಮೆಂಟ್ಸ್ ಬಸ್ ಹತ್ತಿದ ಹುಡುಗಿಯರು ಚೂಡಿದಾರ್ ಹೊಲಿಸಿದರು, ತಮಗೆ ಬೇಕಾದ್ದನ್ನು ತಾವೇ ಹೇಳಿದರು. ಆಮೇಲೆ ನೈಟಿ. ಅದಕ್ಕೊಂದು ಚೀಟಿ ಬರೆದಿಟ್ಟೆ: "ಹೆಂಗಸರಿಗೂ ಆರಾಮ ಬೇಕಾಯಿತು, ನೈಟಿ ಬಂತು." ನೈಟಿ ಬಂದ ಹೊಸದರಲ್ಲಿ ನನ್ನ ಹಳೇ ಗಿರಾಕಿ ಹನುಮಂತಕ್ಕ ನಕ್ಕಿದ್ದೇ ನಕ್ಕಿದ್ದು. "ಗೋಣಿಚೀಲ ತೊಟ್ಕೊಂಡು ಬೀದಿಗೆ ಬತ್ತವ್ರಲ್ಲೇ!"

2011. ಬೆನ್ನಿಗೆ ಡೋರಿ ಕಟ್ಟುವ ಬ್ಲೌಸ್, ಆ ದಾರವನ್ನೇ ಪುಟದುದ್ದಕ್ಕೂ ಪಿನ್ ಮಾಡಿದ್ದೇನೆ. ಕುದೂರಿನ ಮೊದಲ ಡೋರಿ ನನ್ನ ಕೈಯದು!

ಅದೇ ಪುಟದ ಕೆಳಗೆ ಹನುಮಂತಕ್ಕನ ಅಳತೆ. ಪಕ್ಕದಲ್ಲಿ ನನ್ನದೇ ಅಕ್ಷರ: "ಎದೆ ಆಪರೇಷನ್. ಎಡಗಡೆ ಹತ್ತಿ ತುಂಬಿ ಹೊಲಿಯಬೇಕು. ಯಾರಿಗೂ ಹೇಳಬಾರದು." ಕೆಳಗೆ ಎರಡು ಗೆರೆ.

ಗೊತ್ತಿರುವುದು ಅವರ ಗಂಡನಿಗೆ, ನನಗೆ. ಊರಿಗೆ ಹೇಳಿದ್ದು ಪಿತ್ತಕೋಶದ ಕಲ್ಲು ಅಂತ.

ಪುಟ ಕತ್ತರಿಸಿದರೆ ಡೋರಿಯೂ ಹೋಗುತ್ತದೆ. ಪೆನ್ನಿನಲ್ಲಿ ಗೀಚಿದರೆ ಅಸಹ್ಯ ಕಾಣುತ್ತದೆ. ಕತ್ತರಿ ಎತ್ತಿಕೊಂಡೆ... ಇಟ್ಟುಬಿಟ್ಟೆ. ಬರೆದದ್ದರ ಮೇಲೆ ಒಂದು ನೀಲಿ ತುಂಡು ಇಟ್ಟು ಪಿನ್ ಹಾಕಿದೆ. ಉಳಿದ ತುಂಡುಗಳ ಹಾಗೇ ಕಾಣುತ್ತದೆ. ಸಾಕು.

ಫೆ. 13, ಗುರುವಾರ, ಸಂಜೆ 6

ಅಯ್ಯೋ ದೇವರೇ.

ಎಕ್ಸಿಬಿಷನ್‌ನಲ್ಲಿ ನನ್ನ ಪುಸ್ತಕವಿದ್ದ ಮೇಜಿನ ಮೇಲೆ ಬೋರ್ಡ್ ಇಟ್ಟಿದ್ದರಂತೆ — "ಬಟ್ಟೆ ಮುಟ್ಟಿ ನೋಡಿ". ಮುಟ್ಟಿದ್ದಾರೆ. ಎತ್ತಿದ್ದಾರೆ. ಯಾರೋ ಹುಡುಗಿ ಡೋರಿ ಚೆಂದ ಅಂತ ಪುಟದ ಫೋಟೋ ಸ್ಟೇಟಸ್‌ಗೆ ಹಾಕಿದ್ದಾಳೆ. ನೀಲಿ ತುಂಡು ಮೇಲಕ್ಕೆ ಮಡಚಿಕೊಂಡಿದೆ. ಹನುಮಂತಕ್ಕನ ಹೆಸರು, ನನ್ನ ಅಕ್ಷರ, ಆ ಎರಡು ಗೆರೆ. ಕುದೂರೆಲ್ಲ ನೋಡಿದೆ.

ಶೀಬಾ ಮಿಸ್ ಫೋನಿನಲ್ಲಿ ಅತ್ತರು. ಅವರದ್ದೇನು ತಪ್ಪು? ಕತ್ತರಿ ಇದ್ದದ್ದು ನನ್ನ ಕೈಯಲ್ಲಿ.

ಫೆ. 14

ಹನುಮಂತಕ್ಕನ ಮನೆಗೆ ಹೋಗಬೇಕು. ಹೋಗಲಿಲ್ಲ.

ಫೆ. 24, ಸೋಮವಾರ

ಅವರೇ ಬಂದರು. ಕೂರಲಿಲ್ಲ.

"ನನ್ ಅಳತೆ ರವಿಕೆ ಕೊಡವ್ವ."

ಹದಿನಾಲ್ಕು ವರ್ಷದಿಂದ ನನ್ನ ಬೀರುವಿನಲ್ಲೇ ಇತ್ತು. ಅದನ್ನು ನೋಡಿಕೊಂಡೇ ಅವರದ್ದೆಲ್ಲ ಹೊಲಿಯುತ್ತಿದ್ದದ್ದು. "ತಪ್ಪಾಯ್ತಕ್ಕ, ಕಾಲಿಗೆ ಬೀಳ್ತೀನಿ" ಅಂದೆ.

"ನೀನೇನು ಬೇಕೂಂತ ಮಾಡಿದ್ಯಾ, ಬುಡು. ಹಾಲಿನ ಡೈರಿತಾವ ಎಲ್ರೂವೆ ಮೊದ್ಲು ಎದೆ ನೋಡ್ತವ್ರೆ, ಆಮ್ಯಾಕೆ ಮಕ ನೋಡ್ತವ್ರೆ. ಅಷ್ಟೇ ಕಣವ್ವ."

"ಇನ್ಮೇಲೆ ಎಲ್ಲಿ ಹೊಲಿಸ್ತೀರಕ್ಕ?"

"ಇನ್ನೊಬ್ಬಳ ಮುಂದೆ ಮೊದ್ಲಿಂದ ಹೇಳಕಾಯ್ತದಾ?"

ರವಿಕೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಕತ್ತರಿ ಎತ್ತಿ ಇಟ್ಟ ವಿಷಯ ನಾನು ಹೇಳಲಿಲ್ಲ. ಬೇಕಂತ ಮಾಡಲಿಲ್ಲ ಅಂದುಕೊಂಡೇ ಇರಲಿ ಅಂತ. ಥೂ ನನ್ನ ಜನ್ಮಕ್ಕೆ.

ಮಾ. 9, ಭಾನುವಾರ

ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ತಿರ ಹನುಮಂತಕ್ಕ ಕಂಡರು. ಸೀರೆ ಉಡದೆ ಹೊಸಿಲು ದಾಟದ ಹೆಂಗಸು. ನೈಟಿ ಹಾಕಿದ್ದರು, ದೊಡ್ಡದು, ದೊಗಳೆ. ಈ ಸೆಖೆಯಲ್ಲಿ ಎದೆಯ ಮೇಲೆ ದಪ್ಪನೆ ಟವಲ್. ನನ್ನನ್ನು ನೋಡಿ ಟವಲ್ ಸರಿಮಾಡಿಕೊಂಡರು. ನನ್ನನ್ನು ನೋಡಿ!

ಪುಸ್ತಕ ವಾಪಸ್ ಬಂದಿದೆ. ನೈಟಿಯ ಚೀಟಿ ಅದರಲ್ಲೇ ಇದೆ, ಆರಾಮ ಬೇಕಾಯಿತು ಅಂತ ಬರೆದದ್ದು. ಅದನ್ನು ಹೊಡೆದುಹಾಕಿದೆ. ಕೆಳಗೆ ನಿಜ ಬರೆಯಬೇಕು ಅಂತ ಕೂತಿದ್ದೇನೆ.

ಹನುಮಂತಕ್ಕ ನೈಟಿ ಹಾಕಿದ್ದು, ನಾನು ಒಂದು ಡೋರಿಗೋಸ್ಕರ ಆ ಪುಟ ಕತ್ತರಿಸದೆ —