ನಾಲ್ರೆಕ್ಕೆಯ ಮುಖ ಯಾರ ಕಡೆಗೆ

ಕೆಂಗುಡ್ಡ,
ನೀರು ಏರಿದ ನೂರ ಹದಿನೇಳನೆಯ ವರ್ಷ, ಎರಡನೆಯ ಶ್ರಾವಣದ ನಲವತ್ತೊಂದನೆಯ ದಿನ

ಮೊಟ್ಟಮೊದಲ ಡ್ರೋನ್ ಕೊಳ್ಳಲು ಹೊರಟಿರುವ ಹಿರಿಯರೇ,

ಲೆಕ್ಕದಲ್ಲಿ ನೀವು ನನಗಿಂತ ಎಷ್ಟೋ ತಲೆಮಾರು ಹಿರಿಯರು, ಆದರೆ ನಿಮ್ಮಲ್ಲಿ ಹಲವರಿಗೆ ಇನ್ನೂ ಮೀಸೆಯೇ ಮೂಡಿರಲಿಕ್ಕಿಲ್ಲ. ನಮಸ್ಕಾರ ಹೇಳಬೇಕೋ ಆಶೀರ್ವಾದ ಮಾಡಬೇಕೋ ತಿಳಿಯದೆ ಎರಡನ್ನೂ ಕಳಿಸಿದ್ದೇನೆ, ಬೇಕಾದ್ದನ್ನು ಇಟ್ಟುಕೊಳ್ಳಿ. ಮೇಲಿನ ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಗಾಳಿ ನಿಲ್ಲುವವರೆಗೆ ಶ್ರಾವಣ ಮುಗಿಯುವುದಿಲ್ಲ, ಒಂದು ಸಾಲದಿದ್ದರೆ ಇನ್ನೊಂದನ್ನು ಹಚ್ಚುತ್ತೇವೆ. ನನ್ನ ಕೆಲವು ಮಾತುಗಳೂ ನಿಮಗೆ ಹೀಗೆಯೇ ವಿಚಿತ್ರವಾಗಿ ಕಂಡಾವು, ಅದಕ್ಕೆ ಕ್ಷಮೆ ಇರಲಿ. ನನ್ನ ಹೆಸರು ಗುರುಸಿದ್ದವ್ವ. ಐವತ್ತು ದಾಟಿದ ಮೇಲೆ ಹಾರಿಸಲು ಕಲಿತವಳು. ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಇಲ್ಲಿ ಹೇಳಿದರೆ ಕೇಳುವವರಿಲ್ಲವೆಂದು ನಿಮಗೆ ಬರೆಯುತ್ತಿದ್ದೇನೆ.

ನೀವು ಡ್ರೋನ್ ಎನ್ನುವುದನ್ನು ನಾವು ನಾಲ್ರೆಕ್ಕೆ ಎನ್ನುತ್ತೇವೆ. ಕೃಷ್ಣೆಯ ಹಿನ್ನೀರು ಊರುಗಳನ್ನೆಲ್ಲ ನುಂಗಿದ ಮೇಲೆ ಉಳಿದದ್ದು ಗುಡ್ಡಗಳು ಮಾತ್ರ. ನಮ್ಮದು ಕೆಂಗುಡ್ಡ, ಎದುರಿಗಿರುವುದು ಹುಣಸೀಗುಡ್ಡ. ನಡುವಿನ ನೀರು ಹೆಚ್ಚೇನೂ ಅಗಲವಿಲ್ಲ, ಭೋಂಗಾ ಹಿಡಿದು ಕೂಗಿದರೆ ಮಾತು ಕೇಳುತ್ತದೆ. ಆದರೆ ಗಾಳಿಗಾಲದಲ್ಲಿ ದೋಣಿ ಬಿಟ್ಟವರು ಬದುಕಿ ಬಂದದ್ದು ಅಪರೂಪ, ಏಕೆಂದರೆ ನಿಮ್ಮ ಕಾಲದ ಕರೆಂಟು ಕಂಬಗಳು ಇನ್ನೂ ಆ ನೀರಿನ ಕೆಳಗೆ ನಿಂತಿವೆ. ಹಾಗಾಗಿ ಬೀಜ, ಉಪ್ಪು, ಹೆಪ್ಪು, ಔಷಧ ಎಲ್ಲವನ್ನೂ ನಾಲ್ರೆಕ್ಕೆಯ ಹೊಟ್ಟೆಗೆ ಕಟ್ಟಿ ಕಳಿಸುತ್ತೇವೆ. ಬೇರೆ ದಿನಗಳಲ್ಲಿ ಅದು ಆಕಾಶವನ್ನು ಕೇಳಿಕೊಂಡು ತಾನೇ ದಾರಿ ಹಿಡಿಯುತ್ತದೆ. ಶ್ರಾವಣದಲ್ಲಿ ಮಾತ್ರ ಆಕಾಶ ಉತ್ತರ ಕೊಡದ ದಿನಗಳು ಬರುತ್ತವೆ. ಅವನ್ನು ಮೂಕದಿನ ಎನ್ನುತ್ತೇವೆ. ಆಗ ಕೈಪೆಟ್ಟಿಗೆಯ ಮೇಲಿನ ಕೋಲನ್ನು ಹೆಬ್ಬೆರಳಿನಿಂದ ಸರಿಸುತ್ತಾ ಅದನ್ನು ಕೈಯಿಂದಲೇ ಹಾರಿಸಬೇಕು. ಹಾಗೆ ಹಾರಿಸಬಲ್ಲವನು ಕೈಹಾರಿ, ಗುಡ್ಡಕ್ಕೆ ಒಬ್ಬ.

ಇನ್ನು ನಮ್ಮ ಕಟ್ಟಳೆ ಹೇಳುತ್ತೇನೆ, ನನ್ನ ಸಂಕಟವೆಲ್ಲ ಅದರಲ್ಲಿದೆ. ನಾಲ್ರೆಕ್ಕೆಗೆ ಮುಂದುಗಡೆ ಕಣ್ಣಿರುತ್ತದೆ. ಹಾರುತ್ತಿರುವ ಕಣ್ಣು ಮನುಷ್ಯರ ಮುಖ ನೋಡಬಾರದು. ಆಚೆ ದಂಡೆಗೆ ಅದು ಬರುವಾಗ ಅಲ್ಲಿನವರೆಲ್ಲ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ರೆಕ್ಕೆಯ ಸದ್ದು ನಿಂತ ಮೇಲೆ ತಿರುಗಿ, ಅದರ ಕಣ್ಣಿಗೆ ಬಟ್ಟೆ ಹೊದಿಸಿ, ಪೊಟ್ಟಣ ಬಿಚ್ಚಿಕೊಳ್ಳುತ್ತಾರೆ. ಈಚೆಗೆ ಬರುವಾಗ ಅದು ಹಿಂದು ಹಿಂದಾಗಿ ಬರಬೇಕು, ಹಾರಿಸುವವನಿಗೆ ಯಾವಾಗಲೂ ಬೆನ್ನೇ ಕಾಣಬೇಕು. ಮುಖ ನಮ್ಮ ಕಡೆ ತಿರುಗಿದರೆ ಅದು ಎದುರುಮುಖ, ಕೆಟ್ಟದ್ದು. ಅಂಥ ಯಂತ್ರ ತಂದದ್ದನ್ನು ಯಾರೂ ಮುಟ್ಟುವುದಿಲ್ಲ.

ಹಾರಿಸಿ ನೋಡಿದವರಿಗೆ ಇದರ ಎಡವಟ್ಟು ತಕ್ಷಣ ತಿಳಿಯುತ್ತದೆ. ಬೆನ್ನು ನಮ್ಮ ಕಡೆಗಿದ್ದಾಗ ಅದರ ಬಲಗೈ ನಮ್ಮ ಬಲಗೈ. ಮುಖ ತಿರುಗಿತೋ, ಎಲ್ಲ ಅದಲುಬದಲು. ಬಲಕ್ಕೆ ತಳ್ಳಿದರೆ ನಮ್ಮ ಕಣ್ಣಿಗೆ ಎಡಕ್ಕೆ ಓಡುತ್ತದೆ. ನಮ್ಮ ಕೈಹಾರಿಗಳು ಹುಟ್ಟಿದಾಗಿನಿಂದ ಒಂದೇ ಕಡೆಯಿಂದ ಕಲಿತವರು. ಹೋದ ಶ್ರಾವಣದ ಒಂದು ಮೂಕದಿನ ಹುಣಸೀಗುಡ್ಡದಲ್ಲಿ ನನ್ನ ಮಗಳು ನಿಂಬೆವ್ವ ಹೆರಿಗೆಗೆ ಕೂತಿದ್ದಳು. ನೀರು ಬೇಗ ಏರಿದ್ದರಿಂದ ತವರಿಗೆ ಕರೆತರಲು ಆಗಿರಲಿಲ್ಲ. ನೋವು ನಿಂತು ಕೂಸು ಹೊರಬಾರದೆ ಅವಳಿಗೆ ರಕ್ತ ಹೋಗತೊಡಗಿತು. ಬೇಕಾದ ಸೂಜಿಮದ್ದು ತಣ್ಣಗಿರಬೇಕು, ತಂಪುಕೋಣೆ ಇರುವುದು ನಮ್ಮ ಗುಡ್ಡದಲ್ಲಿ ಮಾತ್ರ. ಕೈಹಾರಿ ಬಾಳಪ್ಪ ಕಳಿಸಿದ. ನಡುನೀರಿನಲ್ಲಿ ಒಂದು ಹದ್ದು ಬಂದು ಬಡಿಯಿತು. ಯಂತ್ರ ಗಿರ್ರನೆ ತಿರುಗಿ ನಮಗೆ ಮುಖ ಮಾಡಿ ನಿಂತಿತು. ಅದಕ್ಕೆ ಏನೂ ಆಗಿರಲಿಲ್ಲ, ಚೆನ್ನಾಗಿಯೇ ಹಾರುತ್ತಿತ್ತು. ಬಾಳಪ್ಪ ಅದನ್ನು ದಂಡೆಯ ಕಡೆ ತಳ್ಳಿದಷ್ಟೂ ಅದು ಸೆಳವಿನ ಕಡೆ ಹೋಯಿತು, ಗಾಬರಿಯಲ್ಲಿ ಇನ್ನೂ ಜೋರಾಗಿ ತಳ್ಳಿದ, ನೀರಿಗೆ ಬಿತ್ತು. ನಿಂಬೆವ್ವ ಉಳಿದಳು. ಕೂಸು ಉಳಿಯಲಿಲ್ಲ.

ಎದುರುಮುಖ ಹಾರಿಸಲು ಬಾರದ್ದಕ್ಕೆ ಕೂಸು ಹೋಯಿತೆಂದು ನಾನು ಹೇಳಿದೆ. ಎರಡೂ ಗುಡ್ಡದವರು ಹೇಳಿದ್ದು ಬೇರೆ, ಎದುರುಮುಖವಾದದ್ದಕ್ಕೇ ಕೂಸು ಹೋಯಿತಂತೆ. ಕಂಡದ್ದು ಎಲ್ಲರಿಗೂ ಒಂದೇ, ನೋಡಿ. ಬಾಳಪ್ಪ ಅಂದಿನಿಂದ ಕೋಲು ಮುಟ್ಟಿಲ್ಲ. ಈಗ ನಿಂಬೆವ್ವ ಮತ್ತೆ ದಿನ ತುಂಬಿದ ಬಸುರಿ, ಮತ್ತೆ ಕರೆತರುವ ಮೊದಲೇ ನೀರು ಏರಿದೆ, ಮತ್ತೆ ಮೂಕದಿನಗಳು ಬಂದಿವೆ.

ಆದ್ದರಿಂದ ನಾನೇ ಕಲಿಯಲು ಹೊರಟೆ. ಯಂತ್ರ ರಿಪೇರಿಯ ಮಲಿಕಸಾಬ ಮೊದಲು ಒಂದು ದೊಡ್ಡ, ಮಿರಮಿರ ಮಿಂಚುವ ನಾಲ್ರೆಕ್ಕೆ ಎತ್ತಿ ತಂದ. "ಇದನ್ನ ತಗೋ ಅಕ್ಕಾ. ತಾನ ನಿಲ್ಲತೈತಿ, ತಾನ ಇಳಿತೈತಿ. ನೀ ಎಲಿ ಅಡಿಕಿ ಹಾಕ್ಕೊಂಡು ಕುಂತ್ರ ಸಾಕು" ಎಂದ. "ಎಲ್ಲಾ ಅದ ಕಲ್ತಿದ್ರ ನಾ ಏನ್ ಕಲೀಲೋ?" ಎಂದೆ. ನಿಮಗೂ ಇದೇ ಹೇಳುತ್ತೇನೆ. ಮೊದಲನೆಯದು ಅಂಗೈ ಅಗಲದ್ದಿರಲಿ, ಹಗುರವಿರಲಿ, ಬಿದ್ದರೆ ಒಡೆಯದಂತಿರಲಿ. ನಾನು ಆರಿಸಿದ್ದಕ್ಕೆ ರೆಕ್ಕೆಗಳ ಸುತ್ತ ಬಿದಿರಿನ ಬಳೆ ಇತ್ತು, ಕಣ್ಣೇ ಇರಲಿಲ್ಲ. ಮುಂದು ಯಾವುದೆಂದು ತಿಳಿಯಲು ಒಂದು ಕಡೆ ಕೆಂಪು ಬಣ್ಣ ಬಳಿದಿತ್ತು. ಹೆಚ್ಚಿನ ರೆಕ್ಕೆ ಒಂದು ಕಟ್ಟು ಇಟ್ಟುಕೊಳ್ಳಿ, ಮುರಿಯುತ್ತವೆ. ಮೊದಮೊದಲು ಮೊಣಕಾಲೆತ್ತರಕ್ಕೆ ಏರಿಸಿ, ನಿಂತಲ್ಲೇ ನಿಲ್ಲಿಸಲು ಕಲಿಯಿರಿ. ಅಷ್ಟಕ್ಕೇ ಬೆವರಿಳಿಯುತ್ತದೆ. ಹೆಬ್ಬೆರಳು ಕೋಲನ್ನು ಅಮುಕಬಾರದು, ಸುಮ್ಮನೆ ಸವರಬೇಕು. ನಾನು ಅಮುಕಿ ಅಮುಕಿ ಪಕ್ಕದ ಮನೆಯ ಹಪ್ಪಳದ ಮೇಲೆ ಇಳಿಸಿದ್ದೇನೆ, ನಮ್ಮ ಎಮ್ಮೆಯ ಕೋಡಿಗೆ ಸಿಕ್ಕಿಸಿದ್ದೇನೆ.

ಎದುರುಮುಖ ಹಾರಿಸುವಾಗ ಮಲಿಕಸಾಬ ನನಗೆ ಬೆನ್ನು ಹಾಕಿ ಕೂರುತ್ತಿದ್ದ. ಕಣ್ಣಿಲ್ಲದ ಯಂತ್ರಕ್ಕೂ ಅವನ ಹೆದರಿಕೆ ಹೋಗಿರಲಿಲ್ಲ, ನನ್ನನ್ನು ಬಿಟ್ಟು ಹೋಗಲೂ ಮನಸ್ಸಿರಲಿಲ್ಲ. ಸದ್ದು ಕೇಳಿಯೇ "ಬಿತ್ತು ನೋಡು" ಎನ್ನುತ್ತಿದ್ದ, ಹಾಗೆಯೇ ಬೀಳುತ್ತಿತ್ತು. ಎಡ ಬಲ ಎಂದು ಯೋಚಿಸುತ್ತಾ ಕೂತರೆ ಆಗುವುದಿಲ್ಲವೆಂದು ಎಷ್ಟೋ ರೆಕ್ಕೆ ಮುರಿದ ಮೇಲೆ ನನಗೇ ಹೊಳೆಯಿತು. ನಮ್ಮ ಕಣ್ಣಿಗೆ ಅದು ಯಾವ ಮಗ್ಗುಲಿಗೆ ಬಾಗುತ್ತದೋ, ಕೋಲನ್ನು ಆ ಮಗ್ಗುಲಿಗೇ ಒತ್ತಬೇಕು, ಬೀಳುವ ಗೋಡೆಗೆ ಊರುಗೋಲು ಕೊಡುವ ಹಾಗೆ. ಎದ್ದು ನಿಲ್ಲುತ್ತದೆ. ಅಂದು ನಾನು ಅತ್ತೆ. ಹೋದ ವರ್ಷ ಬಾಳಪ್ಪನಿಗೆ ಇಷ್ಟು ತಿಳಿದಿದ್ದರೆ ಸಾಕಿತ್ತಲ್ಲ.

ಊರಿಗೆ ಗೊತ್ತಾದಾಗ ಸೋಮನಗೌಡರು ನನ್ನನ್ನು ಕಟ್ಟೆಗೆ ಕರೆಸಿದರು. ಅವರು ಕೆಟ್ಟವರಲ್ಲ, ಕಟ್ಟಳೆ ಕಾಯುವ ಮನೆತನದವರು. ಕಣ್ಣಿಲ್ಲದ ಯಂತ್ರ ಎಂದು ತೋರಿಸಿದೆ. "ಕಣ್ಣಿಲ್ಲಂದ್ರೂ ಮಾರಿ ಮಾರೀನ ಅಲ್ಲೇನವ್ವಾ?" ಎಂದರು. ಮಾರಿ ಎಂದರೆ ನಮ್ಮ ಮಾತಿನಲ್ಲಿ ಮುಖ. ಆಮೇಲೆ ಅವರ ಮನೆಯಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದದ್ದನ್ನು ಹೇಳಿದರು. ನೀರು ಏರುವ ಮೊದಲು, ನಿಮ್ಮ ಕಾಲದಲ್ಲಿ, ಅವರ ಮನೆಯ ಹೆಣ್ಣುಮಗಳೊಬ್ಬಳು ಹೊಳೆಯ ಮೆಟ್ಟಿಲಲ್ಲಿ ಸ್ನಾನ ಮಾಡುತ್ತಿದ್ದಳಂತೆ. ಯಾರೋ ಒಬ್ಬ ಹೊಸದಾಗಿ ಕೊಂಡ ಡ್ರೋನನ್ನು ಹಾರಿಸಿ ನೋಡುತ್ತಿದ್ದನಂತೆ. ಕಲಿಯುತ್ತಿದ್ದವನು, ದೊಡ್ಡ ದುಷ್ಟನೇನಲ್ಲ. ಅದನ್ನು ಅವಳ ಮುಂದೆ ತಂದು ನಿಲ್ಲಿಸಿ, ನಕ್ಕು, ಚಿತ್ರವನ್ನು ಗೆಳೆಯರಿಗೆ ಕಳಿಸಿದ. ಚಿತ್ರ ಊರೆಲ್ಲ ಸುತ್ತಿತು. ಆ ಹೆಣ್ಣುಮಗಳು ಅದೇ ಮೆಟ್ಟಿಲಿಳಿದು ಹೊಳೆಗೆ ಹೋದಳು. ಅಂಥವು ಮುಂದೆ ಹಳ್ಳಿ ಹಳ್ಳಿಯಲ್ಲಿ ಆದವಂತೆ. ಗೌಡರ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿ ಹಾಕಲಿ ಎಂದು ತಿಳಿಯದೆ ಮನೆಗೆ ಬಂದೆ.

ಸಿಟ್ಟು ಎಲ್ಲೇ ಹೋದರೂ ಮಗಳ ದಿನಗಳು ನಿಲ್ಲುವುದಿಲ್ಲ. ಸಣ್ಣದರಲ್ಲಿ ಕೈ ಕೂತ ಮೇಲೆ ಮಲಿಕಸಾಬ ಭಾರ ಹೊರುವ ದೊಡ್ಡ ನಾಲ್ರೆಕ್ಕೆಯೊಂದರ ಕಣ್ಣು ಕಿತ್ತು ಕೊಟ್ಟ. ನಿನ್ನೆ ಬೆಳಿಗ್ಗೆ ಅದಕ್ಕೆ ಸೂಜಿಮದ್ದಿನ ಬದಲು ಅಷ್ಟೇ ತೂಕದ, ಬಾಣಂತಿಗೆಂದು ಮಾಡುವ ಅಂಟಿನುಂಡಿ ಕಟ್ಟಿ ಪರೀಕ್ಷೆಗೆ ಕಳಿಸಿದೆ. ಹದ್ದುಗಳು ಸುತ್ತಿದವು, ಎರಡು ಸಲ ಮುಖ ತಿರುಗಿತು, ಎರಡು ಸಲವೂ ಹಿಡಿದು ನಿಲ್ಲಿಸಿದೆ. ಹುಣಸೀಗುಡ್ಡದ ಕಟ್ಟೆಯ ಮೇಲೆ ಹೂವಿಟ್ಟ ಹಾಗೆ ಇಳಿಯಿತು. ದುರ್ಬೀನಿನಲ್ಲಿ ನೋಡಿದೆ. ನಿಂಬೆವ್ವನೇ ಬಂದಿದ್ದಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಪದ್ಧತಿಯಂತೆ ಬೆನ್ನು ತಿರುಗಿಸಿ ನಿಂತಿದ್ದಳು. ರೆಕ್ಕೆಯ ಸದ್ದು ನಿಂತಿತು. ಇನ್ನು ತಿರುಗಬೇಕು. ತಿರುಗಲಿಲ್ಲ. ನಡುನೀರಿನಲ್ಲಿ ಅದರ ಮುಖ ತಿರುಗಿದ್ದನ್ನು ದೂರದಿಂದಲೇ ಕಂಡಿರಬೇಕು. ಹಿಂದೆ ನೋಡದೆ ಹಾಗೆಯೇ ಮನೆಯ ಕಡೆ ನಡೆದುಹೋದಳು. ಸ್ವಲ್ಪ ಹೊತ್ತಿಗೆ ಭೋಂಗಾದಲ್ಲಿ ಅವಳ ದನಿ ಬಂತು. "ಯವ್ವಾ, ಮಾರಿ ತಿರುಗಿಸಿದ್ದನ್ನ ನನಗ ಕಳಿಸಬ್ಯಾಡ. ಒಂದು ಕೂಸು ಹೋಗೇತಿ. ಇದಕ್ಕ ಆ ಕಣ್ಣು ತಾಗೂದು ಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ." ಉಂಡಿ ಕಟ್ಟಿದ ಹಾಗೆಯೇ ಯಂತ್ರ ನನ್ನ ಬಳಿಗೆ ವಾಪಸು ಬಂತು.

ನೋವು ಬಂದಾಗ ನಾನು ಸೂಜಿಮದ್ದು ಕಳಿಸುತ್ತೇನೆ. ಸರಿಯಾಗಿ ಇಳಿಸುತ್ತೇನೆ, ಅದರಲ್ಲಿ ನನಗೆ ಸಂಶಯವಿಲ್ಲ. ಬಿಚ್ಚಿಕೊಳ್ಳುವ ಕೈಗಳನ್ನು ಎಲ್ಲಿಂದ ತರಲಿ? ಅವಳ ಹೆದರಿಕೆಯನ್ನು ಬಿಡಿಸಲು ನನಗೆ ಉಳಿದಿರುವುದು ಕೆಲವೇ ದಿನ, ಅದು ಬೆಳೆಯಲು ನೂರು ವರ್ಷಕ್ಕೂ ಹೆಚ್ಚು ಹಿಡಿದಿದೆ. ಅದನ್ನು ಬಿತ್ತದೆ ಇರುವುದು ಈಗ ನಿಮ್ಮಿಂದ ಮಾತ್ರ ಸಾಧ್ಯ.

ಆದ್ದರಿಂದ ಒಂದೇ ಬೇಡಿಕೆ. ಯಾವ ಡ್ರೋನನ್ನಾದರೂ ಕೊಳ್ಳಿ, ಬೀಳಿಸಿ, ಮುರಿಯಿರಿ, ಎಲ್ಲ ಮುಖದಿಂದಲೂ ಹಾರಿಸಲು ಕಲಿಯಿರಿ. ಬಯಲಿಗೆ ಹೋಗಿ ಕಲಿಯಿರಿ. ಆದರೆ ಎಂದಾದರೂ ಅದು ಯಾರದೋ ಮಾಳಿಗೆಯ ಮೇಲೆ ಹೋದಾಗ, ಬಟ್ಟೆ ಒಣಹಾಕುತ್ತಿರುವ ಹೆಣ್ಣುಮಗಳೊಬ್ಬಳು ಕೆಲಸ ನಿಲ್ಲಿಸಿ ಸೆರಗು ಎಳೆದುಕೊಂಡರೆ, ನಗಬೇಡಿ. ಅವಳು ಬೆನ್ನು ತಿರುಗಿಸುವ ಮೊದಲೇ ಅದನ್ನು ಕೆಳಗಿಳಿಸಿ. ನನ್ನ ಮಗಳು ಇನ್ನೂ ಬೆನ್ನು ತಿರುಗಿಸಿಯೇ ಇದ್ದಾಳೆ.

ಇಂತಿ,
ಗುರುಸಿದ್ದವ್ವ