ನೀರಿನ ಆಪ್, ತೊಟ್ಟಿಲ ವಿಡಿಯೊ

೧೪ ಮೇ, ಬುಧವಾರ. ಶಹಾಬಾದ.

ಊಟ ಸೇರಲಿಲ್ಲ. ನಮ್ಮ ಗಲ್ಲಿಯ ನೀರಿನ ಸಂಘಕ್ಕೆ ನಾನು ಮಾಡಿಕೊಟ್ಟಿದ್ದ ವೆಬ್ ಪುಟ ಚೆನ್ನಾಗಿಯೇ ನಡೆಯುತ್ತಿತ್ತು. ಲಿಂಕ್ ಒತ್ತಿದರೆ ಸಾಕು, ಎಂಥ ಹಳೆಯ ಫೋನಿನಲ್ಲೂ ನೀರು ಬಿಡುವ ಹೊತ್ತು ಕಾಣುತ್ತಿತ್ತು. ಅಧ್ಯಕ್ಷ ಕಾಶಪ್ಪನವರಿಗೆ ಅದು ಸಾಲಲಿಲ್ಲ. "ಲಿಂಕಿಗೆ ಯಾರ್ ಕಿಮ್ಮತ್ ಕೊಡ್ತಾರೋ? ಪ್ಲೇ ಸ್ಟೋರ್‌ನಾಗ ನಮ್ಮ ಆಪ್ ಇರ್ಬೇಕು" ಎಂದು ಕಲಬುರಗಿಯಲ್ಲಿ ಯಾರಿಂದಲೋ ಆಪ್ ಮಾಡಿಸಿದರು. ಇವತ್ತು ನನ್ನ ಪುಟ ಮುಚ್ಚಿಸಿದರು.

ಸಂಜೆ ಕಲ್ಲು ಪಾಲಿಶ್ ಕೆಲಸದ ಸಾಬಮ್ಮಕ್ಕ ಬಂದಳು. ಆಪ್ ಇಳಿಸಲು ಅವಳ ಫೋನಿನಲ್ಲಿ ಜಾಗವಿರಲಿಲ್ಲ. "ವಿಡಿಯೊ ಅಳಸವ್ವ, ಏನ್ ಸಿನಿಮಾ ಇಟ್ಟೀಯೇನು?" ಎಂದು ಕಾಶಪ್ಪ ನಕ್ಕರಂತೆ. ಇದ್ದದ್ದು ಮೊಮ್ಮಗಳ ತೊಟ್ಟಿಲ ಕಾರ್ಯದ ವಿಡಿಯೊ.

"ತಡಿಯಕ್ಕಾ, ಮೊದಲ ಅದನ್ನ ನನ್ನ ಫೋನಿಗೆ ಕಳಿಸ್ಕೋತೀನಿ" ಎಂದೆ.

"ಅಳಸೇ ಬಂದೀನಿ ತಮ್ಮಾ. ನೀರ್ ಕಾಯ್ಕೋತ ಕುಂತ್ರ ಕೂಲಿ ತಪ್ತದ. ಹಾಕು ನಿಮ್ ಆಪ್."

ಆ ವಿಡಿಯೊ ಮರಳಿ ತರಲು ನೋಡಿದೆ, ಸಿಗಲಿಲ್ಲ. ಆಪ್ ಹಾಕಿದೆ. ತೆರೆದೊಡನೆ ಪರದೆ ತುಂಬ ಕಾಶಪ್ಪನ ನಗುಮುಖ. ನೀರಿನ ಹೊತ್ತು ಅದರ ಕೆಳಗೆಲ್ಲೋ. ಥೂ.

ಸಾಬಮ್ಮಕ್ಕ ಅದನ್ನೇ ನೋಡುತ್ತ ಕುಳಿತಿದ್ದಳು. ಆಮೇಲೆ ಕೇಳಿದಳು: "ಈ ಮಾರಿ ಅಳಸಾಕ ಬರಂಗಿಲ್ಲೇನು?"

ಬರುವುದಿಲ್ಲ ಎಂದು ನಾನೇ ಹೇಳಬೇಕಾಯಿತು.